ಸೋತದ್ದೆಲ್ಲಿ, ಸಿಟ್ಟು ಯಾರ ಮೇಲೆ? ಎನ್‌ಬಿಎ ಪ್ಲೇಆಫ್ ಸೋಲುಗಳ ಲೆಕ್ಕ

2025ರ ಮೇ 21ರ ರಾತ್ರಿ, ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್. ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ಈಸ್ಟರ್ನ್ ಕಾನ್ಫರೆನ್ಸ್ ಫೈನಲ್‌ನ, ಅಂದರೆ ಸೆಮಿಫೈನಲ್‌ಗೆ ಸಮನಾದ ಏಳು ಪಂದ್ಯಗಳವರೆಗಿನ ಸರಣಿಯ, ಮೊದಲ ಪಂದ್ಯ ಮುಗಿಯಲು 2 ನಿಮಿಷ 51 ಸೆಕೆಂಡ್ ಬಾಕಿ. ನಿಕ್ಸ್ 119, ಇಂಡಿಯಾನಾ ಪೇಸರ್ಸ್ 105. ನಮ್ಮಲ್ಲಿ ಆಗ 22ರ ಬೆಳಗ್ಗೆ. ಐದೂವರೆಗೆ ಎದ್ದು ನೋಡಲು ಕೂತಿದ್ದವರು ಇನ್ನೇನು ಟಿವಿ ಆರಿಸಿ ಸ್ನಾನಕ್ಕೆ ಹೋಗಬಹುದಾದ ಹಂತ. 2000ನೇ ಇಸವಿಯ ನಂತರ ಮೊದಲ ಸಲ ಇಲ್ಲಿಯವರೆಗೆ ಬಂದಿದ್ದ ನಿಕ್ಸ್ ಅಭಿಮಾನಿಗಳು ಗೆದ್ದೇಬಿಟ್ಟೆವು ಎಂದುಕೊಂಡಿದ್ದರು. ಅಲ್ಲಿಂದ ನಿಗದಿತ ಸಮಯ ಮುಗಿಯುವಷ್ಟರಲ್ಲಿ ಪೇಸರ್ಸ್ 20 ಅಂಕ ಗಳಿಸಿತು, ನಿಕ್ಸ್ 6. ಕೊನೆಯ ಕ್ಷಣದಲ್ಲಿ ಟೈರಿಸ್ ಹ್ಯಾಲಿಬರ್ಟನ್ ಎಸೆದ ಚೆಂಡು ರಿಮ್‌ನ ಹಿಂಬದಿಗೆ ಬಡಿದು, ಬ್ಯಾಕ್‌ಬೋರ್ಡ್‌ಗಿಂತ ಮೇಲಕ್ಕೆ ಚಿಮ್ಮಿ, ನೇರ ಬುಟ್ಟಿಯೊಳಗೆ ಇಳಿಯಿತು. 125-125. ಓವರ್‌ಟೈಮ್‌ನಲ್ಲಿ ಪೇಸರ್ಸ್ 138-135ರಿಂದ ಗೆದ್ದಿತು.

ಹ್ಯಾಲಿಬರ್ಟನ್ ಅದು ಮೂರು ಅಂಕದ ಶಾಟ್ ಎಂದೇ ನಂಬಿ, ಗೆದ್ದೆವೆಂದು ಎರಡೂ ಕೈಯಿಂದ ತನ್ನ ಕುತ್ತಿಗೆ ಹಿಸುಕಿಕೊಳ್ಳುವ ಸನ್ನೆ ಮಾಡಿದ. 1994ರಲ್ಲಿ ಇದೇ ಅಂಗಳದಲ್ಲಿ, ಮುಂದಿನ ಸಾಲಿನಲ್ಲಿ ಕೂತಿದ್ದ ಸಿನಿಮಾ ನಿರ್ದೇಶಕ ಸ್ಪೈಕ್ ಲೀಯತ್ತ ತಿರುಗಿ ಪೇಸರ್ಸ್‌ನ ರೆಜಿ ಮಿಲ್ಲರ್ ಮಾಡಿದ ಸನ್ನೆ ಅದು. ಈ ಪಂದ್ಯಕ್ಕೆ ಮಿಲ್ಲರ್ ಖುದ್ದು ಕಾಮೆಂಟರಿ ಹೇಳುತ್ತಿದ್ದ. ವಿಡಿಯೊ ನೋಡಿದಾಗ ಹ್ಯಾಲಿಬರ್ಟನ್‌ನ ಕಾಲ್ಬೆರಳು ಮೂರು ಅಂಕದ ಗೆರೆಯ ಮೇಲಿತ್ತು. ಅದು ಎರಡೇ ಅಂಕ. ಸೋತವರಿಗೆ ಇಂಥ ಚಿತ್ರ ಒಂದು ಸಿಕ್ಕಿಬಿಟ್ಟರೆ ಉಳಿದ ಪಂದ್ಯವೆಲ್ಲ ನೆನಪಿನಿಂದ ಅಳಿಸಿಹೋಗುತ್ತದೆ. ಆ ರಾತ್ರಿಯಿಡೀ ಕೇಳಿದ ಮಾತು ಎರಡೇ: ಒಂದು, ಎಂಥ ದರಿದ್ರ ಅದೃಷ್ಟ, ಎರಡು, ಕೋಚ್ ಟಾಮ್ ಥಿಬಡೋನನ್ನು ಮನೆಗೆ ಕಳಿಸಿ. ಎರಡಕ್ಕೂ ಸ್ವಲ್ಪ ಆಧಾರವಿದೆ. ಆದರೆ ಪಂದ್ಯ ಕೈತಪ್ಪಿದ ಜಾಗ ಬೇರೆ.

ಆ ಶಾಟ್‌ಗೆ ಸ್ವಲ್ಪ ಮೊದಲು ಏನಾಯಿತು ನೋಡಿ. ನಿಕ್ಸ್‌ನ ಕಾರ್ಲ್-ಆಂಥನಿ ಟೌನ್ಸ್ ಎರಡು ಫ್ರೀ ಥ್ರೋಗಳಲ್ಲಿ (ಫೌಲ್ ಆದಾಗ ಸಿಗುವ, ಯಾರೂ ತಡೆಯದ ಒಂದೊಂದು ಅಂಕದ ಎಸೆತ) ಒಂದನ್ನು ತಪ್ಪಿಸಿದ. ಫೌಲ್ ಪಡೆದ ಪೇಸರ್ಸ್‌ನ ಆರನ್ ನೆಸ್ಮಿತ್ ಎರಡನ್ನೂ ಹಾಕಿದ. ನಂತರ ನಿಕ್ಸ್‌ನ ಓಜಿ ಅನುನೋಬಿ ಎರಡರಲ್ಲಿ ಒಂದನ್ನು ತಪ್ಪಿಸಿದ. ಮುನ್ನಡೆ ಎರಡಕ್ಕೆ ನಿಂತಿತು: 125-123. ತಪ್ಪಿದ ಎರಡು ಫ್ರೀ ಥ್ರೋಗಳಲ್ಲಿ ಯಾವುದಾದರೂ ಒಂದು ಒಳಗೆ ಬಿದ್ದಿದ್ದರೆ ಮುನ್ನಡೆ ಮೂರು. ಆಗ ಗೆರೆ ತುಳಿದು ಹೊಡೆದ ಅದೇ ಶಾಟ್ ಅದೇ ರೀತಿ ಚಿಮ್ಮಿ ಒಳಗೆ ಬಿದ್ದರೂ ನಿಕ್ಸ್ ಒಂದು ಅಂಕದಿಂದ ಗೆಲ್ಲುತ್ತಿತ್ತು.

ಫ್ರೀ ಥ್ರೋ ತಪ್ಪಿಸಿದ್ದನ್ನು ಅಭಿಮಾನಿಗಳು ಪುಕ್ಕಲುತನ ಎನ್ನುತ್ತಾರೆ. ಲೆಕ್ಕ ಅಷ್ಟು ಕಟುವಾಗಿಲ್ಲ. ನೂರಕ್ಕೆ 80 ಹಾಕುವ ಒಳ್ಳೆಯ ಶೂಟರ್ ಎರಡಕ್ಕೆ ಎರಡನ್ನೂ ಹಾಕುವ ಸಾಧ್ಯತೆ 64%. ಅಂದರೆ ಮೂರು ಸಲ ಫ್ರೀ ಥ್ರೋ ಗೆರೆಗೆ ಹೋದರೆ ಒಂದು ಸಲ ಒಂದಾದರೂ ತಪ್ಪುತ್ತದೆ ಎಂದೇ ಇಟ್ಟುಕೊಳ್ಳಬೇಕು. ಇಂಥ ಇಬ್ಬರು ಒಬ್ಬರ ಹಿಂದೊಬ್ಬರು ತಪ್ಪಿಸುವುದು ಎಂಟು ಸಲಕ್ಕೆ ಒಂದು ಸಲದಷ್ಟು. ಅಪರೂಪ ಹೌದು, ಅದ್ಭುತವೇನಲ್ಲ. ನಿಜವಾಗಿ ಅದ್ಭುತವಾಗಿದ್ದದ್ದು ನೆಸ್ಮಿತ್: ನಾಲ್ಕನೇ ಕ್ವಾರ್ಟರ್ ಒಂದರಲ್ಲೇ ಆರು ತ್ರೀ-ಪಾಯಿಂಟರ್, ಪಂದ್ಯದಲ್ಲಿ ಒಟ್ಟು ಒಂಬತ್ತಕ್ಕೆ ಎಂಟು. ಬೈಯಬೇಕಾದ ಜಾಗ ಯಾವುದಾದರೂ ಇದ್ದರೆ ಇದು. ಎರಡು ಅಂಕಕ್ಕೆ ಎಷ್ಟು ಬೇಕಾದರೂ ದಾರಿ ಬಿಡಿ, ಮೂರರ ಗೆರೆ ಮಾತ್ರ ಬಿಡಬೇಡಿ ಎಂಬುದು 14 ಅಂಕ ಮುಂದಿರುವ ತಂಡಕ್ಕೆ ಕೊನೆಯ ಮೂರು ನಿಮಿಷದಲ್ಲಿ ಇರುವ ಒಂದೇ ನಿಯಮ. ಎದುರಾಳಿಯ ಬಳಿ ಉಳಿದಿರುವುದು ಏಳೆಂಟು ಸರದಿ. ಪ್ರತಿ ಸರದಿಗೂ ಎರಡೆರಡು ಅಂಕ ಬಂದರೂ 14 ಸರಿದೂಗುವುದೇ ಕಷ್ಟ. ಮೂರು ಮೂರು ಬಂದರೆ ಸರಿದೂಗುತ್ತದೆ. ನಿಕ್ಸ್ ಆಟಗಾರರು ಸ್ಕ್ರೀನ್‌ನ (ಕಾಯುವವನ ದಾರಿಗೆ ಎದುರಾಳಿ ಅಡ್ಡ ನಿಲ್ಲುವುದು) ಹಿಂದಿನಿಂದ ಸುತ್ತಿ ಬರುತ್ತಿದ್ದರು. ಆ ಒಂದು ಹೆಜ್ಜೆಯ ತಡದಲ್ಲಿ ನೆಸ್ಮಿತ್‌ಗೆ ಚೆಂಡೂ ಸಿಗುತ್ತಿತ್ತು, ಕಾಲೂರಲು ಜಾಗವೂ ಸಿಗುತ್ತಿತ್ತು.

ಒಂದು ಡಂಕ್‌ನ ಬೆಲೆ

ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೆಂದರೆ ಫಿಲಡೆಲ್ಫಿಯಾಕ್ಕೆ ಹೋಗಬೇಕು. 2021ರ ಜೂನ್ 20, ಅಟ್ಲಾಂಟಾ ಹಾಕ್ಸ್ ವಿರುದ್ಧ ಫಿಲಡೆಲ್ಫಿಯಾ ತಂಡಕ್ಕೆ ನಿರ್ಣಾಯಕ ಏಳನೇ ಪಂದ್ಯ. ಕೊನೆಯ ಕೆಲವು ನಿಮಿಷ ಬಾಕಿ ಇರುವಾಗ ಬೆನ್ ಸಿಮನ್ಸ್ ಬುಟ್ಟಿಯ ಕೆಳಗೇ ಇದ್ದ. ಎದುರಿಗೆ ಅವನಿಗಿಂತ ಬಹಳ ಗಿಡ್ಡನಾದ ಟ್ರೇ ಯಂಗ್. ಎಗರಿ ಚೆಂಡನ್ನು ಕೈಯಾರೆ ಬುಟ್ಟಿಗೆ ತುರುಕುವ, ಅಂದರೆ ಡಂಕ್ ಮಾಡುವ ಬದಲು ಅವನು ಚೆಂಡನ್ನು ಮಟೀಸ್ ಥೈಬುಲ್‌ಗೆ ಪಾಸ್ ಮಾಡಿದ. ಪಂದ್ಯ 103-96ರಿಂದ ಹೋಯಿತು. ಸಿಮನ್ಸ್ ಮತ್ತೆಂದೂ ಆ ತಂಡದ ಜರ್ಸಿ ತೊಟ್ಟು ಆಡಲಿಲ್ಲ. 2022ರ ಫೆಬ್ರುವರಿಯಲ್ಲಿ ಅವನನ್ನು ಕೊಟ್ಟು ಜೇಮ್ಸ್ ಹಾರ್ಡನ್‌ನನ್ನು ತಂದರು.

ಆ ಪಾಸ್‌ನಿಂದ ಆದ ನಷ್ಟವೆಷ್ಟು? ಥೈಬುಲ್ ಮೇಲೆ ಫೌಲ್ ಆಯಿತು, ಅವನು ಎರಡು ಫ್ರೀ ಥ್ರೋಗಳಲ್ಲಿ ಒಂದನ್ನು ಹಾಕಿದ. ಡಂಕ್ ಆಗಿದ್ದರೆ ಎರಡು ಅಂಕ, ಬಂದದ್ದು ಒಂದು. ನಷ್ಟ ಒಂದು ಅಂಕ, ಸೋತದ್ದು ಏಳರಿಂದ. ಅದೇ ಪಂದ್ಯದಲ್ಲಿ ತಂಡದ ದೊಡ್ಡ ತಾರೆ ಜೋಯಲ್ ಎಂಬೀಡ್ ಎಂಟು ಸಲ ಚೆಂಡು ಕಳೆದುಕೊಂಡ. ಅದೇ ಸರಣಿಯ ಐದನೇ ಪಂದ್ಯದಲ್ಲಿ, ಸ್ವಂತ ಊರಿನಲ್ಲಿ, 26 ಅಂಕದ ಮುನ್ನಡೆ ಕಳೆದುಕೊಂಡು ಸೋತರು. ಲೆಕ್ಕದ ಪುಸ್ತಕದಲ್ಲಿ ಆ ಪಾಸ್ ಒಂದು ಸಣ್ಣ ಸಾಲು.

ಹಾಗಂತ ಫಿಲಡೆಲ್ಫಿಯಾದವರ ಸಿಟ್ಟು ಹುರುಳಿಲ್ಲದ್ದು ಎನ್ನಲಾಗದು. ಆ ಪ್ಲೇಆಫ್‌ನಲ್ಲಿ ಸಿಮನ್ಸ್ 73 ಫ್ರೀ ಥ್ರೋಗಳಲ್ಲಿ ಹಾಕಿದ್ದು 25. ಇದು ಗೊತ್ತಿದ್ದೇ ಎದುರಾಳಿಗಳು ಅವನಿಗೆ ಬೇಕೆಂದೇ ಫೌಲ್ ಮಾಡುತ್ತಿದ್ದರು. ಫೌಲ್ ಆಗುವ ಭಯಕ್ಕೆ ಅವನು ಬುಟ್ಟಿಯತ್ತ ನುಗ್ಗುವುದನ್ನೇ ಬಿಟ್ಟ. ನುಗ್ಗದವನನ್ನು ಕಾಯುವ ಅಗತ್ಯವಿಲ್ಲವಾದ್ದರಿಂದ ಅವನ ಡಿಫೆಂಡರ್ ಎಂಬೀಡ್ ಮೇಲೆ ಹೋಗಿ ನಿಂತ. ಎಂಬೀಡ್‌ನ ಎಂಟು ಟರ್ನೋವರ್‌ಗಳಲ್ಲಿ ಒಂದು ಪಾಲು ಇದರದ್ದು. ಅಂದರೆ ಜನ ಬೈದ ಘಟನೆ ತಪ್ಪು, ಬೈದ ಕಾರಣ ಸರಿ. ಅಭಿಮಾನಿಯ ಸಿಟ್ಟನ್ನು ಓದುವಾಗ ಈ ವ್ಯತ್ಯಾಸ ಬಹಳ ಮುಖ್ಯ. ಅವನಿಗೆ ಕಾಯಿಲೆ ಗೊತ್ತಾಗಿರುತ್ತದೆ, ಆದರೆ ಕಣ್ಣಿಗೆ ಕಂಡ ಗಾಯವನ್ನು ಮಾತ್ರ ತೋರಿಸುತ್ತಾನೆ.

27 ಸಲ ತಪ್ಪಿದ ಗುರಿ

ಇಂದಿನ ಬಾಸ್ಕೆಟ್‌ಬಾಲ್‌ನಲ್ಲಿ ಪ್ಲೇಆಫ್ ಸೋಲಿನ ಬಗ್ಗೆ ಅತಿ ಹೆಚ್ಚು ತಪ್ಪು ತಿಳಿವಳಿಕೆ ಇರುವುದು ಮೂರು ಅಂಕದ ಶಾಟ್ ಬಗ್ಗೆ. 2018ರ ಮೇ 28ರಂದು ಹ್ಯೂಸ್ಟನ್ ರಾಕೆಟ್ಸ್ ತನ್ನದೇ ಅಂಗಳದಲ್ಲಿ ಗೋಲ್ಡನ್ ಸ್ಟೇಟ್ ವಾರಿಯರ್ಸ್ ವಿರುದ್ಧ ಏಳನೇ ಪಂದ್ಯ ಆಡಿತು. ಆ ಸೀಸನ್ನಿನಲ್ಲಿ 65 ಗೆದ್ದು 17 ಸೋತಿದ್ದ ತಂಡ. ಅರ್ಧದ ಹೊತ್ತಿಗೆ 54-43ರ ಮುನ್ನಡೆ. ಆದರೆ ಎರಡನೇ ಕ್ವಾರ್ಟರ್‌ನಲ್ಲಿ ಶುರುವಾಗಿ ನಾಲ್ಕನೆಯದರವರೆಗೆ ಮೂರರ ಗೆರೆಯಿಂದ ಸತತ 27 ಶಾಟ್ ತಪ್ಪಿದವು. ಒಟ್ಟು 44ಕ್ಕೆ 7. ಹಾರ್ಡನ್ 13ಕ್ಕೆ 2, ಎರಿಕ್ ಗಾರ್ಡನ್ 12ಕ್ಕೆ 2, ಟ್ರೆವರ್ ಅರೀಜಾ 9ಕ್ಕೆ ಸೊನ್ನೆ. ಸೋಲು 101-92.

ಆ ಸೀಸನ್ನಿನಲ್ಲಿ ರಾಕೆಟ್ಸ್ ಮೂರರಿಂದ ನೂರಕ್ಕೆ 36ರಷ್ಟು ಹಾಕುತ್ತಿತ್ತು. ಪ್ರತಿ ಶಾಟ್ ಬಿಡಿಬಿಡಿ ಎಂದುಕೊಂಡರೆ 27 ಶಾಟ್ ಒಂದೇ ಸಮನೆ ತಪ್ಪುವ ಸಾಧ್ಯತೆ ಲಕ್ಷದಲ್ಲಿ ಒಂದಕ್ಕಿಂತಲೂ ಕಡಿಮೆ. ಆದರೆ ಅವೆಲ್ಲ ಆರಾಮಾಗಿ ನಿಂತು ಹೊಡೆದ ಶಾಟ್‌ಗಳಲ್ಲ. ದಣಿದ ಕಾಲು, ಮುಖದ ಮೇಲೆ ಚಾಚಿದ ಕೈ, ಶಾಟ್ ಕ್ಲಾಕ್‌ನ (ಚೆಂಡು ಹೊಡೆಯಲು ಇರುವ ಗಡುವು) ಕೊನೆಯ ಸೆಕೆಂಡು ಎಲ್ಲವನ್ನೂ ಸೇರಿಸಿ ನೂರಕ್ಕೆ 30 ಎಂದಿಟ್ಟರೂ 15 ಸಾವಿರಕ್ಕೆ ಒಂದು. ಯಾವ ಕಡೆಯಿಂದ ಗುಣಿಸಿದರೂ ಇದರಲ್ಲಿ ನತದೃಷ್ಟದ ಪಾಲು ದೊಡ್ಡದೇ. ಐದನೇ ಪಂದ್ಯದ ಕೊನೆಯಲ್ಲಿ ಕ್ರಿಸ್ ಪಾಲ್‌ನ ತೊಡೆಯ ಸ್ನಾಯು ಎಳೆದು, ಅವನು ಉಳಿದ ಎರಡೂ ಪಂದ್ಯಗಳಿಗೆ ಇಲ್ಲವಾದದ್ದನ್ನೂ ಸೇರಿಸಿಕೊಳ್ಳಿ.

ಇಲ್ಲಿ ಒಂದು ಸಣ್ಣ ಗಣಿತ ತಿಳಿದಿದ್ದರೆ ಎಷ್ಟೋ ಜಗಳ ತಪ್ಪುತ್ತದೆ. 36% ಶೂಟ್ ಮಾಡುವ ತಂಡ 44 ಶಾಟ್ ಹೊಡೆದರೆ ಸರಾಸರಿ 16 ಒಳಗೆ ಬೀಳಬೇಕು. ಆದರೆ ಸುಮ್ಮನೆ ಆಕಸ್ಮಿಕದಿಂದಲೇ, ಯಾರ ತಪ್ಪೂ ಇಲ್ಲದೆ, ಆ ಸಂಖ್ಯೆ 13ರಿಂದ 19ರವರೆಗೆ ಓಲಾಡುತ್ತಿರುತ್ತದೆ. ಮೂರು ಪಂದ್ಯದಲ್ಲಿ ಒಂದರಲ್ಲಿ ಈ ಎಲ್ಲೆಯನ್ನೂ ದಾಟುತ್ತದೆ. ಮೂರು ಬುಟ್ಟಿಯ ವ್ಯತ್ಯಾಸವೆಂದರೆ 9 ಅಂಕ. ರಾಕೆಟ್ಸ್ ಸೋತದ್ದೂ ಒಂಬತ್ತರಿಂದಲೇ. ಅದೇ 44 ಶಾಟ್‌ಗಳನ್ನು ಎರಡು ಅಂಕಕ್ಕೆ, ನೂರಕ್ಕೆ 55ರಂತೆ ಹೊಡೆದರೆ ಏರಿಳಿತ ಆರೇಳು ಅಂಕ ಮಾತ್ರ. ಮೂರರ ಆಟ ಸೀಸನ್ನಿನ 82 ಪಂದ್ಯಗಳಲ್ಲಿ ಲಾಭದ ವ್ಯಾಪಾರ. ಏಳನೇ ಪಂದ್ಯ ಎಂಬ ಒಂದೇ ಒಂದು ದಿನದಲ್ಲಿ ಅದು ಹುಚ್ಚು ಕುದುರೆ.

ಹಾಗಾದರೆ ತಪ್ಪಿದ ಶಾಟೆಲ್ಲ ಹಣೆಬರಹವೇ? ಅಲ್ಲ ಎನ್ನುವುದಕ್ಕೆ 2025ರ ಬಾಸ್ಟನ್ ಸೆಲ್ಟಿಕ್ಸ್ ಸಾಕ್ಷಿ. ಹಾಲಿ ಚಾಂಪಿಯನ್. ಇದೇ ನಿಕ್ಸ್ ವಿರುದ್ಧ, ತನ್ನ ಊರಿನಲ್ಲಿ, ಮೊದಲೆರಡೂ ಪಂದ್ಯಗಳಲ್ಲಿ 20 ಅಂಕ ಮುಂದಿದ್ದು ಎರಡನ್ನೂ ಸೋತಿತು: 108-105 (ಓವರ್‌ಟೈಮ್), 91-90. ಮೂರರಿಂದ ಮೊದಲ ಪಂದ್ಯದಲ್ಲಿ 60ಕ್ಕೆ 15, ಎರಡನೆಯದರಲ್ಲಿ 40ಕ್ಕೆ 10. ಕೂಡಿದರೆ ನೂರಕ್ಕೆ ಸರಿಯಾಗಿ 25. ಸೀಸನ್ನಿನಲ್ಲಿ ಅವರು ಹಾಕುತ್ತಿದ್ದದ್ದು 37ರ ಸುಮಾರು. ನೂರು ಶಾಟ್‌ನಲ್ಲಿ 12 ಕಡಿಮೆ ಬೀಳುವುದು ಬರೀ ಆಕಸ್ಮಿಕದಿಂದ ನೂರು ಸಲಕ್ಕೆ ಒಂದು ಸಲ ಆದೀತು. ಆದ್ದರಿಂದ ಇಲ್ಲಿ ಬೇರೆ ಪ್ರಶ್ನೆ ಕೇಳಬೇಕು: 20 ಅಂಕ ಮುಂದಿರುವಾಗಲೂ ಅಷ್ಟೊಂದು ಮೂರು ಯಾಕೆ?

ನಿಕ್ಸ್ ಸ್ಕ್ರೀನ್ ಬಂದಾಗಲೆಲ್ಲ ಕಾಯುವ ಆಳು ಬದಲಿಸಿಕೊಳ್ಳುತ್ತಿತ್ತು. ಬಾಸ್ಟನ್ನಿನ ಜೇಸನ್ ಟೇಟಮ್, ಜೇಲೆನ್ ಬ್ರೌನ್ ಅವರಿಗೆ ಎದುರು ಸಿಕ್ಕವನನ್ನು ದಾಟಿ ಬುಟ್ಟಿಗೆ ಹೋಗುವ ದಾರಿ ಇತ್ತು. ಅವರು ಚೆಂಡು ಬಡಿಯುತ್ತಾ 15 ಸೆಕೆಂಡ್ ಕಳೆದು, ಹಿಂದಕ್ಕೆ ಹೆಜ್ಜೆ ಇಟ್ಟು ಮೂರಕ್ಕೆ ಹೊಡೆದರು. ಪಾಸ್ ಹಿಡಿದ ಕೂಡಲೇ ಹೊಡೆಯುವ ಮೂರಕ್ಕೂ ಹೀಗೆ ತಾನೇ ಸೃಷ್ಟಿಸಿಕೊಂಡು ಹೊಡೆಯುವ ಮೂರಕ್ಕೂ ಸ್ಕೋರ್‌ಬೋರ್ಡ್‌ನಲ್ಲಿ ಭೇದವಿಲ್ಲ; ಯಶಸ್ಸಿನ ಪ್ರಮಾಣದಲ್ಲಿದೆ. ಜೊತೆಗೆ ಬುಟ್ಟಿಯತ್ತ ನುಗ್ಗದ ತಂಡಕ್ಕೆ ಫ್ರೀ ಥ್ರೋ ಸಿಗುವುದಿಲ್ಲ, ಎದುರಾಳಿಗೆ ಫೌಲ್ ಏರುವುದಿಲ್ಲ. ದೂರದ ಶಾಟ್ ತಪ್ಪಿದಾಗ ಚೆಂಡು ದೂರಕ್ಕೇ ಚಿಮ್ಮುತ್ತದೆ, ಎದುರಾಳಿ ಅದನ್ನು ಹಿಡಿದು ಓಡುತ್ತಾನೆ. 20 ಅಂಕ ಕರಗುವುದು ಹೀಗೆ.

ಬಾಸ್ಟನ್ನಿನ ಕತೆಯಲ್ಲಿ ಇನ್ನೊಂದು ದುರಂತವಿದೆ. ನಾಲ್ಕನೇ ಪಂದ್ಯದಲ್ಲಿ ಟೇಟಮ್‌ನ ಕಾಲಿನ ಅಕಿಲಿಸ್ ಸ್ನಾಯುರಜ್ಜು ಹರಿಯಿತು. ಆರನೇ ಪಂದ್ಯವನ್ನು 119-81ರಿಂದ ಸೋತು ಬಾಸ್ಟನ್ ಹೊರಬಿತ್ತು. ಗಾಯದ ಮೇಲೆ ಯಾರನ್ನು ಬೈಯುವುದು?

ರೆಫರಿ ಬಗ್ಗೆ ಎರಡೇ ಮಾತು. 2015ರ ಮಾರ್ಚ್‌ನಿಂದ ಎನ್‌ಬಿಎ ಬಿಗಿ ಪಂದ್ಯಗಳ ಕೊನೆಯ ಎರಡು ನಿಮಿಷದ ಪ್ರತಿ ತೀರ್ಪನ್ನೂ ಮರುದಿನ ಪರಿಶೀಲಿಸಿ ವರದಿ ಹೊರಡಿಸುತ್ತದೆ. ತಪ್ಪಾದ ಕರೆ, ಮಾಡದೆ ಬಿಟ್ಟ ಕರೆ ಎರಡನ್ನೂ ಬರೆದಿರುತ್ತದೆ. ಫಲಿತಾಂಶ ಬದಲಾಗುವುದಿಲ್ಲ, ಬೈಯುವವರಿಗೆ ಸರಕಾರಿ ಮೊಹರು ಸಿಕ್ಕಂತಾಗುತ್ತದೆ ಅಷ್ಟೆ. ಉಳಿದ 46 ನಿಮಿಷದ ತಪ್ಪುಗಳು ಅದರಲ್ಲಿ ಇರುವುದೇ ಇಲ್ಲ. 2018ರ ಆ ಏಳನೇ ಪಂದ್ಯದ ರೆಫರಿ ತಪ್ಪುಗಳಿಂದ ತಮಗೆ 18.6 ಅಂಕ ನಷ್ಟವಾಯಿತೆಂದು ರಾಕೆಟ್ಸ್ ಆಡಳಿತ ತಾನೇ ಲೆಕ್ಕ ಹಾಕಿಟ್ಟುಕೊಂಡಿದ್ದ ಸಂಗತಿ ಮರುವರ್ಷ ಹೊರಬಿತ್ತು. ಅಭಿಮಾನಿ ಸಿಟ್ಟಿನಲ್ಲಿ ಆಡುವ ಮಾತನ್ನು ಕಂಪನಿ ಸ್ಪ್ರೆಡ್‌ಶೀಟ್‌ನಲ್ಲಿ ಬರೆಯಿತು. 44ಕ್ಕೆ 7 ಎಂಬ ಸಾಲನ್ನು ಅದು ಅಳಿಸಲಾರದು.

ಕೋಚ್ ಎಂಬ ಸುಲಭದ ತಲೆ

ನಿಕ್ಸ್ ಪೇಸರ್ಸ್ ವಿರುದ್ಧದ ಸರಣಿಯನ್ನು 4-2ರಿಂದ ಸೋತದ್ದು 2025ರ ಮೇ 31ರಂದು. ಜೂನ್ 3ರಂದು ಥಿಬಡೋನನ್ನು ತೆಗೆದುಹಾಕಿದರು. ಅದೇ ಜೂನ್ 3ರಂದು ಅಹಮದಾಬಾದಿನಲ್ಲಿ ಆರ್‌ಸಿಬಿ 18 ವರ್ಷದ ಕಾಯುವಿಕೆ ಮುಗಿಸಿ ಕಪ್ ಎತ್ತಿತ್ತು. ನಿಕ್ಸ್ ಆವರೆಗೆ ಕೊನೆಯ ಸಲ ಗೆದ್ದದ್ದು 1973ರಲ್ಲಿ. ಪ್ರತಿ ವರ್ಷ ಸೋತ ಮರುದಿನ ಕೋಚ್ ಬದಲಿಸಿ, ನಾಯಕನನ್ನು ಬದಲಿಸಿ, ಹರಾಜಿನಲ್ಲಿ ಇಂಥವನನ್ನು ತನ್ನಿ ಎಂದು ಬೆಂಗಳೂರಿನಲ್ಲಿ ಹೇಳುತ್ತಿದ್ದವರಿಗೆ ನ್ಯೂಯಾರ್ಕಿನವರ ಭಾಷೆ ಅನುವಾದವಿಲ್ಲದೆ ಅರ್ಥವಾಗುತ್ತದೆ.

ಥಿಬಡೋ ಬರುವ ಮುಂಚೆ ನಿಕ್ಸ್ ಸತತ ಏಳು ಸೀಸನ್ ಪ್ಲೇಆಫ್ ಮುಖ ನೋಡಿರಲಿಲ್ಲ. ಅವನ ಐದು ಸೀಸನ್ನಿನಲ್ಲಿ ನಾಲ್ಕು ಸಲ ನೋಡಿತು. ಅವನ ಮೇಲಿದ್ದ ದೂರು ಹೊಸದಲ್ಲ, ಸುಳ್ಳೂ ಅಲ್ಲ: ಮೊದಲ ಐವರನ್ನೇ ಸುಸ್ತಾಗುವವರೆಗೆ ಆಡಿಸುತ್ತಾನೆ, ಬೆಂಚಿನವರನ್ನು ನಂಬುವುದಿಲ್ಲ. ಆ ಸೀಸನ್ನಿನಲ್ಲಿ ಪಂದ್ಯಕ್ಕೆ ಸರಾಸರಿ ಅತಿ ಹೆಚ್ಚು ನಿಮಿಷ ಆಡಿದವನು ನಿಕ್ಸ್‌ನ ಜಾಶ್ ಹಾರ್ಟ್. ಪೇಸರ್ಸ್ ಹತ್ತು ಜನರನ್ನು ತಿರುಗಿಸುತ್ತಾ, ಅಂಗಳದ ಈ ತುದಿಯಿಂದ ಆ ತುದಿಯವರೆಗೆ ಒತ್ತಡ ಹೇರುತ್ತಾ ಆಡುವ ತಂಡ. ಇಂಥ ಎದುರಾಳಿಯ ಮುಂದೆ ಕೊನೆಯ ಮೂರು ನಿಮಿಷದಲ್ಲಿ ಸ್ಕ್ರೀನ್ ಸುತ್ತಿ ಬರುವ ಕಾಲು ಒಂದು ಹೆಜ್ಜೆ ತಡವಾಗುತ್ತದೆ ಎಂದರೆ ಅದಕ್ಕೆ ಹಿಂದಿನ 80 ಪಂದ್ಯಗಳ ಲೆಕ್ಕವೂ ಸೇರಿದೆ.

ಆದರೂ ತೆಗೆದುಹಾಕುವುದು ಮದ್ದೇ? 2023ರ ಮೇ ತಿಂಗಳನ್ನು ನೆನೆಯಿರಿ. ಪ್ಲೇಆಫ್ ಸೋಲಿನ ಬೆನ್ನಿಗೆ ಎರಡೇ ವಾರದೊಳಗೆ ಮೂವರು ಕೋಚ್‌ಗಳ ಕೆಲಸ ಹೋಯಿತು: ಮಿಲ್ವಾಕೀ ಬಕ್ಸ್‌ನ ಮೈಕ್ ಬುಡನ್‌ಹೋಲ್ಜರ್, ಫೀನಿಕ್ಸ್ ಸನ್ಸ್‌ನ ಮಾಂಟಿ ವಿಲಿಯಮ್ಸ್, ಫಿಲಡೆಲ್ಫಿಯಾದ ಡಾಕ್ ರಿವರ್ಸ್. ಬಕ್ಸ್ ತಂದ ಏಡ್ರಿಯನ್ ಗ್ರಿಫಿನ್ 30 ಗೆದ್ದು 13 ಸೋತಿದ್ದಾಗಲೇ ಮನೆಗೆ ಹೋದ. ಅವನ ಜಾಗಕ್ಕೆ ಬಂದವನು ಫಿಲಡೆಲ್ಫಿಯಾ ಬೇಡವೆಂದ ರಿವರ್ಸ್. ಮುಂದಿನ ಎರಡೂ ವರ್ಷ ಬಕ್ಸ್ ಮೊದಲ ಸುತ್ತಿನಲ್ಲೇ ಹೊರಬಿತ್ತು. ಸನ್ಸ್ ತಂದ ಫ್ರಾಂಕ್ ವೋಗಲ್ ಒಂದು ವರ್ಷ ಇದ್ದ. ಅವನ ನಂತರ ಬಂದವನು ಬಕ್ಸ್ ಬೇಡವೆಂದ ಬುಡನ್‌ಹೋಲ್ಜರ್. ಅವನೂ ಒಂದೇ ವರ್ಷ, ತಂಡ ಪ್ಲೇಆಫ್‌ಗೇ ಬರಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

ಅದೇ ಮೇ ತಿಂಗಳಲ್ಲಿ ಬಾಸ್ಟನ್ನಿಗೂ ಇವರಷ್ಟೇ ಅವಮಾನವಾಗಿತ್ತು. ಮಯಾಮಿ ಹೀಟ್ ಎದುರು 0-3ರಿಂದ ಚೇತರಿಸಿ 3-3 ಮಾಡಿ, ಏಳನೆಯದನ್ನು ಸ್ವಂತ ಅಂಗಳದಲ್ಲಿ 103-84ರಿಂದ ಸೋತರು. ಮೂರರಿಂದ 42ಕ್ಕೆ 9. ಮೊದಲ ಸರದಿಯಲ್ಲೇ ಟೇಟಮ್‌ನ ಕಾಲು ಹೊರಳಿತ್ತು. ಮೊದಲ ವರ್ಷದ ಕೋಚ್ ಜೋ ಮಜೂಲಾ ಟೈಮ್‌ಔಟ್ ತೆಗೆದುಕೊಳ್ಳುವುದಿಲ್ಲ ಎಂದು ಊರಿಗೆ ಊರೇ ಬೈಯುತ್ತಿತ್ತು. ಆಡಳಿತ ಅವನನ್ನು ಉಳಿಸಿಕೊಂಡಿತು. ಅನುಭವಿ ಸಹಾಯಕರಿಲ್ಲದೆ ಸೀಸನ್ ಎದುರಿಸಿದ್ದ ಅವನಿಗೆ ಸ್ಯಾಮ್ ಕಸೆಲ್, ಚಾರ್ಲ್ಸ್ ಲೀ ಎಂಬ ಸಹಾಯಕ ಕೋಚ್‌ಗಳನ್ನು ಕೊಟ್ಟಿತು. ಜನ ಪ್ರಾಣದಂತೆ ಪ್ರೀತಿಸುತ್ತಿದ್ದ ಮಾರ್ಕಸ್ ಸ್ಮಾರ್ಟ್‌ನನ್ನು ಕಳಿಸಿ, ಬುಟ್ಟಿಯ ಬಳಿಯೂ ಗೆರೆಯಾಚೆಯೂ ಅಂಕ ತರುವ ಕ್ರಿಸ್ಟಾಪ್ಸ್ ಪೊರ್ಜಿಂಗಿಸ್‌ನನ್ನು ತಂದಿತು. ನಂತರ ಜ್ರೂ ಹಾಲಿಡೇ ಬಂದ. ಮುಂದಿನ ವರ್ಷ 64 ಗೆಲುವು, ಪ್ರಶಸ್ತಿ. ಅಭಿಮಾನಿಗಳು ತೆಗೆಯಿರಿ ಎಂದವನು ಉಳಿದ, ಉಳಿಸಿ ಎಂದವನು ಹೋದ.

ಇದನ್ನೇ ನಿಯಮ ಮಾಡಿಕೊಳ್ಳಲೂ ಆಗದು. 2014ರಲ್ಲಿ ವಾರಿಯರ್ಸ್ ಮಾರ್ಕ್ ಜ್ಯಾಕ್ಸನ್‌ನನ್ನು ತೆಗೆದು ಸ್ಟೀವ್ ಕರ್‌ನನ್ನು ತಂದಿತು. ಹೆಚ್ಚುಕಡಿಮೆ ಅದೇ ಆಟಗಾರರು, ಮರುವರ್ಷವೇ ಚಾಂಪಿಯನ್. ಅಲ್ಲಿ ಕೆಟ್ಟಿದ್ದದ್ದು ಆಟದ ವಿಧಾನ, ಆದ್ದರಿಂದ ಕೋಚ್ ಬದಲಾವಣೆ ಕೆಲಸ ಮಾಡಿತು. ಟೊರಾಂಟೊ 2018ರಲ್ಲಿ ಡ್ವೇನ್ ಕೇಸಿಯನ್ನು ಕಳಿಸಿ 2019ರಲ್ಲಿ ಗೆದ್ದದ್ದನ್ನೂ ಜನ ಹೇಳುತ್ತಾರೆ; ನಡುವೆ ಕವಾಯ್ ಲೆನರ್ಡ್ ಬಂದದ್ದನ್ನು ಹೇಳುವುದಿಲ್ಲ.

ನಿಕ್ಸ್ ವಿಷಯಕ್ಕೆ ಬಂದರೆ, ಥಿಬಡೋನನ್ನು ತೆಗೆದ ಮೇಲೆ ಯಾರನ್ನು ತರುವುದೆಂದು ಅವರಿಗೇ ನಿಶ್ಚಯವಿದ್ದಂತೆ ಕಾಣಲಿಲ್ಲ. ಬೇರೆ ತಂಡಗಳಲ್ಲಿ ಕೆಲಸದಲ್ಲಿದ್ದ ಜೇಸನ್ ಕಿಡ್, ಈಮೆ ಉಡೋಕಾ, ಕ್ರಿಸ್ ಫಿಂಚ್ ಜೊತೆ ಮಾತಾಡಲು ಅನುಮತಿ ಕೇಳಿ, ಕೇಳಿದ ಕಡೆಯೆಲ್ಲ ಇಲ್ಲ ಎನಿಸಿಕೊಂಡರು. ಜುಲೈನಲ್ಲಿ ಬಂದವನು ಮೈಕ್ ಬ್ರೌನ್.

ಜಾನಿಸ್‌ನನ್ನು ಯಾಕೆ ತರಲಾಗದು?

ಸೋತ ವಾರದಲ್ಲೇ ಟ್ರೇಡ್‌ಗಳ, ಅಂದರೆ ಬೇರೆ ತಂಡದೊಂದಿಗೆ ಆಟಗಾರರ ಅದಲುಬದಲಿನ ಕನಸು ಶುರುವಾಗುತ್ತದೆ. ಇಬ್ಬರನ್ನು ಕೊಡಿ, ಎರಡು ಡ್ರಾಫ್ಟ್ ಪಿಕ್ (ಹೊಸ ಆಟಗಾರರನ್ನು ಆರಿಸುವ ಹಕ್ಕು) ಕೊಡಿ, ಲೀಗ್‌ನ ದೊಡ್ಡ ತಾರೆ ಜಾನಿಸ್ ಅಂಟೆಟೊಕುಂಪೊನನ್ನು ತನ್ನಿ. ಕಾಗದದ ಮೇಲೆ ಸಂಬಳ ಹೊಂದುತ್ತದೆ, ನಿಯಮ ಹೊಂದುವುದಿಲ್ಲ. 2025-26ರ ಸೀಸನ್ನಿಗೆ ತಂಡದ ಸಂಬಳ ಮಿತಿ 15.46 ಕೋಟಿ ಡಾಲರ್. ಅದನ್ನು ಮೀರಬಹುದು, 18.79 ಕೋಟಿ ದಾಟಿದರೆ ತೆರಿಗೆ ಕಟ್ಟಬೇಕು. ಆದರೆ 20.78 ಕೋಟಿಯ ಹತ್ತಿರ ಇನ್ನೊಂದು ಗೆರೆಯಿದೆ, ಸೆಕೆಂಡ್ ಏಪ್ರನ್ ಎನ್ನುತ್ತಾರೆ. ಅದನ್ನು ದಾಟಿದ ತಂಡ ಇಬ್ಬರು ಆಟಗಾರರ ಸಂಬಳ ಕೂಡಿಸಿ ಒಬ್ಬ ದೊಡ್ಡ ಆಟಗಾರನನ್ನು ತರುವಂತಿಲ್ಲ, ಟ್ರೇಡ್‌ನಲ್ಲಿ ಕೊಟ್ಟದ್ದಕ್ಕಿಂತ ಒಂದು ಡಾಲರ್ ಹೆಚ್ಚಿನ ಸಂಬಳ ಪಡೆಯುವಂತಿಲ್ಲ, ನಗದು ಕೊಡುವಂತಿಲ್ಲ. ಏಳು ವರ್ಷದಾಚೆಯ ಮೊದಲ ಸುತ್ತಿನ ಪಿಕ್ ಕೂಡ ಸ್ತಂಭಿಸಿಹೋಗುತ್ತದೆ. ಎಷ್ಟೇ ಶ್ರೀಮಂತ ಮಾಲೀಕನಾದರೂ ಇವು ದುಡ್ಡಿನಿಂದ ಬಗೆಹರಿಯುವ ಕಟ್ಟುಗಳಲ್ಲ.

2025ರ ಸೋಲಿನ ಬೆನ್ನಿಗೆ ಸೆಲ್ಟಿಕ್ಸ್ ಹಾಲಿಡೇ, ಪೊರ್ಜಿಂಗಿಸ್ ಇಬ್ಬರನ್ನೂ ಕಳಿಸಿದ್ದು ಆಟ ಕೆಟ್ಟಿತೆಂದಲ್ಲ, ಈ ಗೆರೆಯ ಕೆಳಗೆ ಇಳಿಯಲು. ಟೇಟಮ್‌ನ ಕಾಲು ನೆಟ್ಟಗಿದ್ದಿದ್ದರೂ ಅವರು ಬಹುಶಃ ಹೋಗಬೇಕಿತ್ತು. ನಿಕ್ಸ್ ಬಳಿಯೋ, 2025ರಲ್ಲಿ ಕೊಡಲು ಹೆಚ್ಚು ಪಿಕ್‌ಗಳೇ ಉಳಿದಿರಲಿಲ್ಲ. 2024ರಲ್ಲಿ ಮಿಕಾಲ್ ಬ್ರಿಡ್ಜಸ್‌ಗಾಗಿ ಬ್ರೂಕ್ಲಿನ್‌ಗೆ ಐದು ಮೊದಲ ಸುತ್ತಿನ ಪಿಕ್ ಕೊಟ್ಟಾಗಿದೆ. ಭವಿಷ್ಯದ ಎರಡು ವರ್ಷಗಳ ಮೊದಲ ಸುತ್ತಿನ ಪಿಕ್‌ಗಳನ್ನು ಬೆನ್ನು ಬೆನ್ನಿಗೆ ಕೊಡುವಂತಿಲ್ಲ ಎಂಬ ಹಳೆಯ ನಿಯಮವೂ ಇದೆ. ಕೋಚ್‌ನ ಸಂಬಳಕ್ಕೆ ಮಾತ್ರ ಯಾವ ಮಿತಿಯೂ ಇಲ್ಲ, ಏಪ್ರನ್ನೂ ಇಲ್ಲ. ಸೋತ ತಂಡಗಳು ಕೋಚ್‌ನನ್ನೇ ಯಾಕೆ ಬದಲಿಸುತ್ತವೆ ಎಂಬುದಕ್ಕೆ ಅರ್ಧ ಉತ್ತರ ಇಲ್ಲಿದೆ.

ಸಿಟ್ಟಿನ ಸ್ವರೂಪವೂ ಬದಲಾಗಿದೆ ಎಂಬುದನ್ನು ಇಲ್ಲೇ ಹೇಳಿಬಿಡಬೇಕು. 2018ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಕ್ರೀಡಾ ಬೆಟ್ಟಿಂಗ್‌ಗೆ ರಾಜ್ಯಗಳ ಮಟ್ಟದಲ್ಲಿ ದಾರಿ ತೆರೆದ ಮೇಲೆ, ತಂಡ ಗೆದ್ದರೂ ಆಟಗಾರನನ್ನು ಬೈಯುವವರು ಹುಟ್ಟಿಕೊಂಡಿದ್ದಾರೆ. ಇಂಥವನು ಇಷ್ಟು ರೀಬೌಂಡ್ (ತಪ್ಪಿ ಚಿಮ್ಮಿದ ಚೆಂಡು) ಹಿಡಿಯುತ್ತಾನೆಂದು ದುಡ್ಡು ಕಟ್ಟಿದವನಿಗೆ ಒಂದು ರೀಬೌಂಡ್ ಕಡಿಮೆಯಾದರೂ ಅದು ಸೋಲೇ. ಇವರ ಕೂಗನ್ನು ಅಭಿಮಾನಿಯ ನೋವಿನ ಜೊತೆ ಸೇರಿಸಿ ತೂಗಿದರೆ ಲೆಕ್ಕ ತಪ್ಪುತ್ತದೆ.

ಮರುದಿನ ಏನು ನೋಡಬೇಕು

ಸೋತ ಪಂದ್ಯವನ್ನು ಅರ್ಥ ಮಾಡಿಕೊಳ್ಳಲು ಬೇಕಾದ ಅಂಕಿಗಳು ಎಲ್ಲರಿಗೂ ಉಚಿತವಾಗಿ ಸಿಗುತ್ತವೆ, ಹತ್ತು ನಿಮಿಷ ಸಾಕು. ಡೀನ್ ಆಲಿವರ್ ಎಂಬ ವಿಶ್ಲೇಷಕ ಗೆಲುವನ್ನು ನಾಲ್ಕು ಅಂಶಗಳಾಗಿ ಒಡೆದಿದ್ದಾನೆ: ಶೂಟಿಂಗ್, ಟರ್ನೋವರ್, ರೀಬೌಂಡ್, ಫ್ರೀ ಥ್ರೋ, ತೂಕ ಸುಮಾರಾಗಿ 40, 25, 20, 15. ಶೂಟಿಂಗ್ ನೋಡುವಾಗ ಬರೀ ಶೇಕಡಾವಾರು ನೋಡಬಾರದು. ಹಾಕಿದ ಒಟ್ಟು ಬುಟ್ಟಿಗಳಿಗೆ ಮೂರರ ಬುಟ್ಟಿಗಳ ಅರ್ಧ ಸೇರಿಸಿ, ಒಟ್ಟು ಶಾಟ್‌ಗಳಿಂದ ಭಾಗಿಸಿ. 90 ಶಾಟ್‌ನಲ್ಲಿ 40 ಬುಟ್ಟಿ, ಅದರಲ್ಲಿ 10 ಮೂರರವು ಎಂದರೆ 45 ಭಾಗಿಸು 90, ಅಂದರೆ 50%. ಎರಡೂ ತಂಡಗಳಿಗೆ ಇದನ್ನು ಮಾಡಿ. ಇದೊಂದರಲ್ಲೇ ದೊಡ್ಡ ಅಂತರವಿದ್ದು ಉಳಿದ ಮೂರೂ ಸರಿಸಮವಾಗಿದ್ದರೆ, ಮುಂದಿನ ಪ್ರಶ್ನೆ ಶಾಟ್‌ಗಳ ಗುಣಮಟ್ಟ. ಹತ್ತಿರದ ಡಿಫೆಂಡರ್ ಆರು ಅಡಿಗಿಂತ ದೂರವಿದ್ದ ಶಾಟ್‌ಗಳನ್ನು ಎನ್‌ಬಿಎ ಬೇರೆಯಾಗಿಯೇ ಎಣಿಸಿ ಕೊಡುತ್ತದೆ. ಅಂಥ ಶಾಟ್ ಸಾಕಷ್ಟು ಸಿಕ್ಕೂ ತಪ್ಪಿದ್ದರೆ ಕೋಚ್‌ನನ್ನು ಬಿಟ್ಟುಬಿಡಿ, ಅವನ ಕೆಲಸ ಅವನು ಮಾಡಿದ್ದಾನೆ. ಅಂಥವು ಸಿಕ್ಕೇ ಇಲ್ಲವಾದರೆ ಆಗ ಬೈಯಿರಿ. ಟರ್ನೋವರ್ ಮತ್ತು ರೀಬೌಂಡ್‌ನಲ್ಲಿ ಹಿಂದೆ ಬಿದ್ದಿದ್ದರೆ ಅದು ಹಣೆಬರಹವಲ್ಲ. ಮುಂದಿನ ಪಂದ್ಯದಲ್ಲೂ ಮರುಕಳಿಸುವ ರೋಗ. ಒಂದೇ ಪಂದ್ಯದ ಪ್ಲಸ್-ಮೈನಸ್ (ಅವನು ಅಂಗಳದಲ್ಲಿದ್ದಾಗ ತಂಡ ಗಳಿಸಿದ, ಬಿಟ್ಟುಕೊಟ್ಟ ಅಂಕಗಳ ವ್ಯತ್ಯಾಸ) ಹಿಡಿದು ಒಬ್ಬ ಆಟಗಾರನನ್ನು ತೂಗುವ ಚಟ ಮಾತ್ರ ಬೇಡ. ಎದುರಾಳಿಯ ನಾಲ್ಕು ಶಾಟ್ ಬಿದ್ದದ್ದಕ್ಕೂ ಆ ಹೊತ್ತಿನಲ್ಲಿ ಅಂಗಳದಲ್ಲಿದ್ದವನಿಗೂ ಎಷ್ಟೋ ಸಲ ಸಂಬಂಧವೇ ಇರುವುದಿಲ್ಲ.

ಐವರ ಗುಂಪಿನ ಅಂಕಿ ಬೇರೆ, ಅಲ್ಲಿ ನಿಮಿಷಗಳು ಹೆಚ್ಚು. ನಿಕ್ಸ್‌ನ ಮೊದಲ ಐವರು, ಅಂದರೆ ಜೇಲೆನ್ ಬ್ರನ್ಸನ್, ಹಾರ್ಟ್, ಬ್ರಿಡ್ಜಸ್, ಅನುನೋಬಿ, ಟೌನ್ಸ್, ಆ ಸೀಸನ್ನಿನಲ್ಲಿ ಜೊತೆಯಾಗಿ 900ಕ್ಕೂ ಹೆಚ್ಚು ನಿಮಿಷ ಆಡಿದ್ದರು. ಲೀಗ್‌ನಲ್ಲಿ ಬೇರಾವ ಐವರೂ ಅಷ್ಟು ಆಡಿರಲಿಲ್ಲ. ಪ್ಲೇಆಫ್‌ನಲ್ಲಿ ಇದೇ ಗುಂಪು ಹಾಕಿದ್ದಕ್ಕಿಂತ ಹೆಚ್ಚು ಅಂಕ ಬಿಟ್ಟುಕೊಟ್ಟಿತು. ಕಾರಣ ಚೆಂಡಿಲ್ಲದ ಕಡೆ ನೋಡಿದರೆ ಕಾಣುತ್ತದೆ. ಎದುರಾಳಿಗಳು ತಮ್ಮ ಸೆಂಟರ್‌ನನ್ನು (ಬುಟ್ಟಿಯ ಬಳಿ ಆಡುವ ಎತ್ತರದ ಆಟಗಾರ) ಟೌನ್ಸ್‌ಗೆ ಹಚ್ಚುತ್ತಿರಲಿಲ್ಲ, ಹಾರ್ಟ್‌ಗೆ ಹಚ್ಚುತ್ತಿದ್ದರು. ಹಾರ್ಟ್ ದೂರದಿಂದ ಹೊಡೆದರೆ ಹೊಡೆಯಲಿ ಎಂದು ಬಿಟ್ಟು ಆ ಸೆಂಟರ್ ಬುಟ್ಟಿಯ ಬಳಿಯೇ ನಿಲ್ಲುತ್ತಿದ್ದ. ಬ್ರನ್ಸನ್ ನುಗ್ಗಿದಾಗಲೆಲ್ಲ ಎದುರಿಗೆ ಅವನು. ಟೌನ್ಸ್‌ನ ಮೇಲೆ ಬದಿಯಲ್ಲಿ ಆಡುವ ಚುರುಕಾದ ಒಬ್ಬ ಆಟಗಾರ (ವಿಂಗ್) ಇರುತ್ತಿದ್ದರಿಂದ, ಬ್ರನ್ಸನ್-ಟೌನ್ಸ್ ಸ್ಕ್ರೀನ್ ಹಾಕಿದರೆ ಆಳು ಬದಲಿಸಿಕೊಂಡು ಸುಮ್ಮನಾಗುತ್ತಿದ್ದರು. ಇನ್ನೊಂದು ತುದಿಯಲ್ಲಿ ಬ್ರನ್ಸನ್, ಟೌನ್ಸ್ ಇಬ್ಬರೂ ಡಿಫೆನ್ಸ್‌ನಲ್ಲಿ ದುರ್ಬಲರು. ಪೇಸರ್ಸ್ ಇಬ್ಬರನ್ನೂ ಪದೇ ಪದೇ ಸ್ಕ್ರೀನ್‌ಗೆ ಎಳೆದು ತರುತ್ತಿತ್ತು.

ಎರಡು ಸೋಲಿನ ನಂತರ, ಮೂರನೇ ಪಂದ್ಯದಲ್ಲಿ ಥಿಬಡೋ ಹಾರ್ಟ್‌ನನ್ನು ಬೆಂಚಿಗೆ ಸರಿಸಿ ಎತ್ತರದ ಮಿಚೆಲ್ ರಾಬಿನ್ಸನ್‌ನನ್ನು ಮೊದಲ ಐವರಲ್ಲಿ ಇಳಿಸಿದ. ಆ ಪಂದ್ಯವನ್ನು ನಿಕ್ಸ್ 20 ಅಂಕ ಹಿಂದಿದ್ದು ಗೆದ್ದಿತು. ತಿಂಗಳುಗಟ್ಟಲೆ ಅಂಕಿಗಳು ಹೇಳುತ್ತಿದ್ದ ಬದಲಾವಣೆ ಬಂದದ್ದು ಸರಣಿ 0-2 ಆದ ಮೇಲೆ. ಥಿಬಡೋ ಮೇಲೆ ಹೊರಿಸಬಹುದಾದ ನಿಜವಾದ ಆರೋಪ ಇದು. ಹ್ಯಾಲಿಬರ್ಟನ್‌ನ ಶಾಟ್ ಅಲ್ಲ. ಬ್ರಿಡ್ಜಸ್ ಒಪ್ಪಂದವನ್ನು 2025ರ ಬೇಸಿಗೆಯಲ್ಲಿ ನಾಲ್ಕು ವರ್ಷಕ್ಕೆ ವಿಸ್ತರಿಸಿದ್ದಾರೆ, ಉಳಿದ ನಾಲ್ವರೂ ತಂಡದಲ್ಲೇ ಉಳಿದರು. ಹಾಗಾಗಿ ಕೋಚ್ ಯಾರೇ ಇರಲಿ, ಈ ಐವರು ಒಟ್ಟಿಗೆ ಇಳಿದಾಗ ಮೊದಲ ಐದು ನಿಮಿಷ ಚೆಂಡನ್ನು ಬಿಟ್ಟು ಎದುರಾಳಿ ಸೆಂಟರ್ ಯಾರ ಪಕ್ಕ ನಿಂತಿದ್ದಾನೆ ನೋಡಿ. ಹಾರ್ಟ್ ಪಕ್ಕ ನಿಂತಿದ್ದು, ಹಾರ್ಟ್ ಮೊದಲ ಎರಡು ಮೂರು ಶಾಟ್ ಹೊಡೆಯಲು ಹಿಂಜರಿದರೆ, 2025ರ ಮೇ ತಿಂಗಳ ತೊಡಕು ಇನ್ನೂ ಬಿಡಿಸಿಲ್ಲ ಎಂದರ್ಥ.